ಒಬ್ಬನ ಹೆಸರು, ಇಬ್ಬರ ಬೆವರು



ಗಲಗಲಿಯ ಸೀಮೆಯಲ್ಲಿ ಇಬ್ಬರು ಗೆಳೆಯರು ಸಮಪಾಲಿನಲ್ಲಿ ಒಂದು ವೆಲ್ಡಿಂಗ್ ಅಂಗಡಿಯನ್ನು ನಡೆಸುತ್ತಿದ್ದರು. ಅವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ. ಕಬ್ಬಿನ ಹಂಗಾಮು ಹತ್ತಿರ ಬಂದಂತೆ ಕೃಷ್ಣೆಯ ಎರಡೂ ದಂಡೆಗಳ ಟ್ರ್ಯಾಕ್ಟರುಗಳು ಆ ಅಂಗಡಿಯ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದವು. ಟ್ರೇಲರಿನ ತುಕ್ಕು ಹಿಡಿದ ತಳ, ಮುರಿದ ಕೊಂಡಿ, ಬಾಗಿದ ಪಟ್ಟಿ ಎಲ್ಲವೂ ಅಲ್ಲಿ ನೆಟ್ಟಗಾಗಿ ಹೋಗುತ್ತಿದ್ದವು. ಶನಿವಾರ ಸಂಜೆ ಆಳುಗಳ ಪಗಾರ, ಕಬ್ಬಿಣದ ಬಾಕಿ, ಕರೆಂಟಿನ ಬಿಲ್ಲು ಇವುಗಳನ್ನು ಕಳೆದು ಉಳಿದ ರೊಕ್ಕವನ್ನು ಇಬ್ಬರೂ ಎರಡು ಗುಂಪು ಮಾಡಿ ಎತ್ತಿಕೊಳ್ಳುತ್ತಿದ್ದರು. ಹನ್ನೊಂದು ವರ್ಷಗಳ ಕಾಲ ಒಂದು ರೂಪಾಯಿಯ ತಕರಾರೂ ಅವರ ನಡುವೆ ಬರಲಿಲ್ಲ.

ಆದರೆ ಅಂಗಡಿಯ ಫಲಕದ ಮೇಲಿದ್ದುದು ಹಿರಿಯವನ ಹೆಸರು. ಬ್ಯಾಂಕಿನ ಖಾತೆ, ಪ್ಯಾನ್ ಸಂಖ್ಯೆ, ಜಿಎಸ್‌ಟಿ ನೋಂದಣಿ ಎಲ್ಲವೂ ಅವನವೇ. ವರ್ಷಕ್ಕೊಮ್ಮೆ ಸಲ್ಲಿಸುವ ಆದಾಯ ತೆರಿಗೆ ವಿವರಣ ಪತ್ರದಲ್ಲಿ ಇಡೀ ಅಂಗಡಿಯ ಆದಾಯವನ್ನು ಅವನೊಬ್ಬನದೆಂದೇ ತೋರಿಸಲಾಗುತ್ತಿತ್ತು. ನಮ್ಮ ಧರ್ಮಕೇಂದ್ರದವನಾದ ಕಿರಿಯವನು ಒಮ್ಮೆ ಬಲಿಪೂಜೆ ಮುಗಿದ ಮೇಲೆ ನನ್ನನ್ನು ಕೇಳಿದ್ದುಂಟು: "ಫಾದರ್, ನಮ್ಮಿಬ್ಬರ ನಡುವ ಏನರ ಒಂದು ಕಾಗದ ಮಾಡಿಸ್ಬೇಕೇನ್ರಿ?" ನಾನು ನಕ್ಕು, ಅಣ್ಣತಮ್ಮಂದಿರಂತೆ ಇದ್ದೀರಿ, ನಿಮ್ಮೊಳಗೆ ಕಾಗದವೇಕೆ ಎಂದುಬಿಟ್ಟೆ. ಆ ಉತ್ತರವನ್ನು ಅವನು ಗುರುವಿನ ಮಾತೆಂದು ನಂಬಿದ. ಈ ಲೇಖನವನ್ನು ಬರೆಯಲು ಆ ನನ್ನ ಉತ್ತರವೇ ಕಾರಣ.

ಹಿರಿಯವನು ಒಂದು ಮುಂಜಾನೆ ಎದೆನೋವಿನಿಂದ ತೀರಿಕೊಂಡ. ನಿನ್ನೆಯವರೆಗೆ ಕಿರಿಯವನನ್ನು "ಕಾಕಾ" ಎಂದು ಕರೆಯುತ್ತಿದ್ದ ಮಕ್ಕಳು, ಕ್ರಿಯಾಕರ್ಮಗಳು ಮುಗಿದ ಮೇಲೆ ಕಾಗದಪತ್ರಗಳನ್ನು ತೆರೆದು ನೋಡಿದರು. ಅಂಗಡಿ ಅಪ್ಪನದು ಎಂದು ಬ್ಯಾಂಕು ಹೇಳಿತು, ತೆರಿಗೆಯ ಪತ್ರಗಳೂ ಅದನ್ನೇ ಹೇಳಿದವು. ಕಾಕಾ ಎಂಬ ಪಾಲುದಾರ ಯಾವ ಹಾಳೆಯಲ್ಲಿಯೂ ಇರಲಿಲ್ಲ. ಆ ಮಕ್ಕಳನ್ನು ದುಷ್ಟರೆಂದು ನಾನು ಹೇಳಲಾರೆ. ಪರ ಊರಿನಲ್ಲಿ ಓದುತ್ತಿದ್ದ ಅವರು ಅಂಗಡಿಯನ್ನು ಕಾಗದದಿಂದಲೇ ತಿಳಿದವರು. ಕೊನೆಗೆ ಅವರ ತಾಯಿ ಮುಂದೆ ಬಂದು, ಪ್ರತಿ ಶನಿವಾರ ಮನೆಗೆ ಬರುತ್ತಿದ್ದುದು ಅರ್ಧವೇ ಎಂದು ಊರ ಹಿರಿಯರ ಮುಂದೆ ನುಡಿದದ್ದರಿಂದ ಒಂದು ಒಪ್ಪಂದವಾಯಿತು. ಕಿರಿಯವನಿಗೆ ಎರಡು ಯಂತ್ರಗಳೂ ಸ್ವಲ್ಪ ಹಣವೂ ಸಿಕ್ಕಿದವು. ಅದು ಅರ್ಧಕ್ಕಿಂತ ಬಹಳ ಕಡಿಮೆ. ಹನ್ನೊಂದು ವರ್ಷಗಳ ದುಡಿಮೆಗೆ ಅವನ ಬಳಿ ಆದಾಯದ ಒಂದು ಪುರಾವೆಯೂ ಇರಲಿಲ್ಲವಾದ್ದರಿಂದ ಹೊಸ ಅಂಗಡಿಗೆ ಬ್ಯಾಂಕಿನ ಸಾಲವೂ ಸುಲಭವಾಗಲಿಲ್ಲ.

ಧರ್ಮಗುರುವಿಗೆ ತೆರಿಗೆಯ ಲೆಕ್ಕವೇಕೆ ಎಂದು ಕೆಲವರು ಕೇಳಬಹುದು. ಜಮಾ ಮತ್ತು ಖರ್ಚನ್ನು ಎರಡು ಬದಿಗಳಲ್ಲಿ ಬರೆಯುವ ಲೆಕ್ಕಪದ್ಧತಿಯನ್ನು 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಪರಿಚಯಿಸಿದ ಲೂಕಾ ಪಚೋಲಿ ಫ್ರಾನ್ಸಿಸ್ಕನ್ ಸಭೆಯ ಸನ್ಯಾಸಿಯಾಗಿದ್ದರು. ಅದೇ ಗ್ರಂಥದಲ್ಲಿ ಪಾಲುದಾರರ ನಡುವೆ ಲಾಭ ಹಂಚುವ ಗಣಿತವೂ ಇದೆ. ಇನ್ನು ಸಂತ ಲೂಕರ ಶುಭಸಂದೇಶವನ್ನು ಗಮನವಿಟ್ಟು ಓದಿದವರಿಗೆ ಗೊತ್ತು, ಜೆಬೆದಾಯನ ಮಕ್ಕಳಾದ ಯಕೋಬ ಮತ್ತು ಯೊವಾನ್ನರು ಪೇತ್ರನ ಮೀನುಗಾರಿಕೆಯ ಪಾಲುದಾರರಾಗಿದ್ದರು. ಬಲೆ ತುಂಬಿದಾಗ ಪೇತ್ರನ ಕಡೆಯವರು ಇನ್ನೊಂದು ದೋಣಿಯಲ್ಲಿದ್ದ ಪಾಲುದಾರರನ್ನು ಸನ್ನೆ ಮಾಡಿ ಕರೆದರು, ಎರಡೂ ದೋಣಿಗಳು ತುಂಬಿದವು. ಸುಂಕದ ಕಟ್ಟೆಯಲ್ಲಿ ಕುಳಿತಿದ್ದ ಮತ್ತಾಯನಂತೂ ಇಂದು ಲೆಕ್ಕಿಗರ ಪಾಲಕ ಸಂತ. ಹೀಗಿರುವಾಗ ಪಾಲು, ಲೆಕ್ಕ, ತೆರಿಗೆ ಇವು ನಮ್ಮ ವಿಶ್ವಾಸಕ್ಕೆ ಹೊರಗಿನ ವಿಷಯಗಳೇನೂ ಅಲ್ಲ.

ಮೊದಲು ಕಾನೂನು ಏನು ಹೇಳುತ್ತದೆ ಎಂಬುದನ್ನು ತಿಳಿಯೋಣ. ಇಬ್ಬರು ಕೂಡಿ, ಲಾಭವನ್ನು ಹಂಚಿಕೊಳ್ಳುವ ಒಪ್ಪಂದದಿಂದ ಒಂದು ವ್ಯಾಪಾರವನ್ನು ನಡೆಸಿದರೆ 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ ಪ್ರಕಾರ ಅದು ಪಾಲುದಾರಿಕೆಯೇ. ಕಾಗದ ಇರಲಿ, ಇಲ್ಲದಿರಲಿ. ಪಾಲು ಎಷ್ಟೆಂದು ಮಾತಾಗಿರದಿದ್ದರೆ ಸಮಪಾಲು ಎಂದು ಆ ಕಾಯ್ದೆ ಭಾವಿಸುತ್ತದೆ. ಪಾಲುದಾರರು ಒಬ್ಬರಿಗೊಬ್ಬರು ನ್ಯಾಯವಾಗಿಯೂ ನಿಷ್ಠೆಯಿಂದಲೂ ನಡೆದುಕೊಂಡು ನಿಜವಾದ ಲೆಕ್ಕ ಒಪ್ಪಿಸಬೇಕೆಂಬುದು ಅದರ ಒಂಬತ್ತನೆಯ ಕಲಮಿನ ಆಶಯ. ಬೇರೆ ಕರಾರು ಇಲ್ಲದಿದ್ದರೆ ಒಬ್ಬ ಪಾಲುದಾರನ ಮರಣದಿಂದ ಸಂಸ್ಥೆ ವಿಸರ್ಜನೆಯಾಗುತ್ತದೆ. ಸಾಲಗಳನ್ನು ತೀರಿಸಿ ಉಳಿದುದರಲ್ಲಿ ಬದುಕಿರುವವನಿಗೂ ಮೃತನ ವಾರಸುದಾರರಿಗೂ ಅವರವರ ಪಾಲು ಸಲ್ಲಬೇಕು. ಹಕ್ಕು ಹೀಗೆ ಕಾನೂನಿನಲ್ಲಿಯೇ ಇದೆ. ಅದನ್ನು ಸಾಬೀತು ಮಾಡುವ ದಾರಿಯನ್ನು ಮಾತ್ರ ನಾವೇ ನಮ್ಮ ಕೈಯಾರೆ ಮುಚ್ಚಿಕೊಂಡಿರುತ್ತೇವೆ.

ಆದಾಯ ತೆರಿಗೆಯಲ್ಲಿ ಪಾಲುದಾರಿಕೆ ಸಂಸ್ಥೆಯನ್ನು ಪಾಲುದಾರರಿಂದ ಬೇರೆಯಾದ ಒಬ್ಬ ತೆರಿಗೆದಾರನೆಂದು ಪರಿಗಣಿಸಲಾಗುತ್ತದೆ. ಅದಕ್ಕೆ ತನ್ನದೇ ಪ್ಯಾನ್ ಬೇಕು. ಲಾಭವಿರಲಿ, ನಷ್ಟವಿರಲಿ, ಅದು ತನ್ನದೇ ವಿವರಣ ಪತ್ರವನ್ನು ಸಲ್ಲಿಸಬೇಕು. ನಮ್ಮ ಹಿರಿಯರಲ್ಲಿ ಅನೇಕರು, ಲಾಭವನ್ನು ಅರ್ಧ ಮಾಡಿ ತಮ್ಮ ತಮ್ಮ ವಿವರಣ ಪತ್ರದಲ್ಲಿ ತೋರಿಸಿದರೆ ಸಾಕೆಂದು ಇಂದಿಗೂ ನಂಬಿದ್ದಾರೆ. ಪಾಲುದಾರನ ಪಾಲಿನ ಮೇಲೆ ಅವನ ಕೈಯಲ್ಲಿ ತೆರಿಗೆ ವಿಧಿಸುವ ಪದ್ಧತಿ ಹಿಂದೆ ಇತ್ತು, ನಿಜ. 1993-94ರ ನಿರ್ಧಾರಣಾ ವರ್ಷದಿಂದ ಅದು ಬದಲಾಯಿತು. ಈಗ ಲಾಭದ ಮೇಲೆ ಸಂಸ್ಥೆಯೇ ತೆರಿಗೆ ಕೊಡುತ್ತದೆ. ಹಾಗೆ ತೆರಿಗೆ ಕೊಟ್ಟು ಉಳಿದ ಲಾಭದ ಪಾಲಿಗೆ ಪಾಲುದಾರನ ಕೈಯಲ್ಲಿ ಮತ್ತೆ ತೆರಿಗೆ ಇಲ್ಲ. ಆದರೆ ಸಂಸ್ಥೆ ಅವನಿಗೆ ಕೊಡುವ ಸಂಬಳ ಮತ್ತು ಅವನ ಬಂಡವಾಳದ ಮೇಲಿನ ಬಡ್ಡಿ ಅವನ ಆದಾಯವೆನಿಸುತ್ತವೆ. 1961ರ ಕಾಯ್ದೆಯ ಸ್ಥಾನದಲ್ಲಿ 2026ರ ಏಪ್ರಿಲ್ 1ರಿಂದ ಅನ್ವಯಿಸುವಂತೆ ರೂಪಿಸಲಾದ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದ್ದರೂ ಈ ಮೂಲತತ್ವ ಹಾಗೆಯೇ ಉಳಿದಿದೆ.

ಅಂಕಿಗಳಲ್ಲಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಇಬ್ಬರೂ ದುಡಿಯುವ ಒಂದು ಅಂಗಡಿಯಲ್ಲಿ ವರ್ಷಕ್ಕೆ 8,00,000 ರೂಪಾಯಿ ಲಾಭ ಉಳಿಯಿತೆಂದು ಭಾವಿಸಿರಿ. 2025-26ರ ಆರ್ಥಿಕ ವರ್ಷದ ನಿಯಮಗಳನ್ನೇ ಆಧಾರವಾಗಿ ಇಟ್ಟುಕೊಳ್ಳೋಣ.

ಮೊದಲನೆಯ ದಾರಿ ಸರಿಯಾದ ದಾರಿ. ಪಾಲುದಾರಿಕೆ ಪತ್ರವಿದೆ, ಅದರಲ್ಲಿ ಪಾಲುಗಳೂ ದುಡಿಯುವ ಪಾಲುದಾರರ ಸಂಬಳವೂ ಸ್ಪಷ್ಟವಾಗಿ ನಮೂದಾಗಿವೆ. ಸಂಬಳಕ್ಕೆ ಕಾನೂನು ಒಂದು ಮಿತಿಯನ್ನು ಹಾಕಿದೆ: ಲಾಭದ ಮೊದಲ 6,00,000 ರೂಪಾಯಿಯಲ್ಲಿ ಶೇಕಡಾ 90 ಅಥವಾ 3,00,000 ರೂಪಾಯಿ, ಇವೆರಡರಲ್ಲಿ ಯಾವುದು ಹೆಚ್ಚೋ ಅದು, ಉಳಿದ ಲಾಭದಲ್ಲಿ ಶೇಕಡಾ 60. ಆ ಪ್ರಕಾರ ಇಬ್ಬರಿಗೂ ಕೂಡಿ 6,60,000 ರೂಪಾಯಿ, ಅಂದರೆ ತಲಾ 3,30,000 ರೂಪಾಯಿ ಸಂಬಳ ಕೊಡಬಹುದು. ಸಂಸ್ಥೆಯ ಬಳಿ ಉಳಿಯುವ 1,40,000 ರೂಪಾಯಿಗೆ ಶೇಕಡಾ 30ರಂತೆ 42,000 ರೂಪಾಯಿ ತೆರಿಗೆ, ಅದರ ಮೇಲೆ ಶೇಕಡಾ 4 ಉಪಕರ ಸೇರಿ ಒಟ್ಟು 43,680 ರೂಪಾಯಿ. ಪಾಲುದಾರರಿಗೆ ಬೇರೆ ಆದಾಯವಿಲ್ಲದಿದ್ದರೆ ಅವರ ಸಂಬಳಕ್ಕೆ ತೆರಿಗೆ ಬರುವುದಿಲ್ಲ.

ಎರಡನೆಯದು ಪಾಲುದಾರಿಕೆ ಇದೆ, ಪತ್ರವಿಲ್ಲ ಎಂಬ ಸ್ಥಿತಿ. ಆಗ ಸಂಬಳವನ್ನೂ ಬಡ್ಡಿಯನ್ನೂ ಸಂಸ್ಥೆಯ ಲಾಭದಿಂದ ಕಳೆಯಲು ಅವಕಾಶವಿಲ್ಲ. ಇಡೀ 8,00,000 ರೂಪಾಯಿಗೆ ಉಪಕರವೂ ಸೇರಿ 2,49,600 ರೂಪಾಯಿ ತೆರಿಗೆ. ಕಾಗದ ಯಾಕೆ ಎಂದು ನಕ್ಕವನ ನಗುವಿನ ಬೆಲೆ ವರ್ಷಕ್ಕೆ ಎರಡು ಲಕ್ಷಕ್ಕೂ ಮಿಗಿಲು!

ಮೂರನೆಯದು ನಮ್ಮ ಕಡೆ ರೂಢಿಯಲ್ಲಿರುವ ದಾರಿ. ಎಲ್ಲವನ್ನೂ ಒಬ್ಬನ ಹೆಸರಿನಲ್ಲಿ ತೋರಿಸುವುದು. ಹೊಸ ತೆರಿಗೆ ಪದ್ಧತಿಯಲ್ಲಿ 12,00,000 ರೂಪಾಯಿವರೆಗಿನ ಆದಾಯದ ವ್ಯಕ್ತಿಗೆ ರಿಯಾಯಿತಿ ಇರುವುದರಿಂದ ತೆರಿಗೆ ಶೂನ್ಯ. ನಾನು ಈ ಸಂಗತಿಯನ್ನು ಮುಚ್ಚಿಡುವುದಿಲ್ಲ. ಸತ್ಯ ಹೇಳಿದವನು 43,680 ರೂಪಾಯಿ ಕಟ್ಟಬೇಕು, ಹೇಳದವನು ಏನನ್ನೂ ಕಟ್ಟಬೇಕಿಲ್ಲ. ಪ್ರಲೋಭನೆ ಎಲ್ಲಿದೆ ಎಂಬುದನ್ನು ಮರೆಮಾಚಿ ಉಪದೇಶ ಮಾಡಿದರೆ ಅಂಥ ಉಪದೇಶಕ್ಕೆ ಬೆಲೆಯಿಲ್ಲ.

ಆದರೆ ಆ 43,680 ರೂಪಾಯಿಯನ್ನು ಉಳಿಸಿದವರು ಅದಕ್ಕೆ ಪ್ರತಿಯಾಗಿ ಏನನ್ನು ಕೊಟ್ಟರು ಎಂದು ಕೇಳಿಕೊಳ್ಳಬೇಕು. ಹೆಸರಿಲ್ಲದ ಪಾಲುದಾರ ತನ್ನ ದುಡಿಮೆಯ ಸಾಕ್ಷಿಯನ್ನೇ ಕೊಟ್ಟ. ಅವನಿಗೆ ಆದಾಯದ ದಾಖಲೆಯಿಲ್ಲ, ಸಾಲಕ್ಕೆ ಆಧಾರವಿಲ್ಲ, ಅವನು ಸತ್ತರೆ ಅವನ ಹೆಂಡತಿ ಮಕ್ಕಳಿಗೆ ಕೇಳಲು ಕಾಗದವಿಲ್ಲ. ಹೆಸರಿರುವವನೂ ಸುರಕ್ಷಿತನಲ್ಲ. ಇಲಾಖೆಯ ನೋಟೀಸು ಬಂದರೆ ಅವನೊಬ್ಬನೇ ಉತ್ತರ ಕೊಡಬೇಕು. ಗೆಳೆಯನಿಗೆ ಕೊಟ್ಟ ಅರ್ಧ ಹಣ ಎಲ್ಲಿ ಹೋಯಿತೆಂದು ಕೇಳಿದರೆ ಅವನು ಕೂಲಿಯೆಂದು ಸುಳ್ಳು ಹೇಳಬೇಕು, ಇಲ್ಲವೆ ಪಾಲೆಂದು ಒಪ್ಪಿಕೊಂಡು ಎರಡನೆಯ ದಾರಿಯ ಭಾರವನ್ನು ಹೊರಬೇಕು. ಹೀಗೆ ಇಬ್ಬರೂ ಪ್ರತಿ ವರ್ಷ ಒಂದು ಅಸತ್ಯಕ್ಕೆ ಸಹಿ ಹಾಕುತ್ತಾರೆ. ಒಬ್ಬನ ಸಹಿ ಕಾಗದದ ಮೇಲೆ, ಇನ್ನೊಬ್ಬನ ಸಹಿ ಅವನ ಮೌನದಲ್ಲಿ.

ಗುರುಮಠದಲ್ಲಿ ನಮಗೆ ತತ್ವಶಾಸ್ತ್ರ ಕಲಿಸಿದ ಹಿರಿಯರು ನ್ಯಾಯವೆಂಬ ಗುಣವನ್ನು ಅರಿಸ್ಟಾಟಲ್ ಮತ್ತು ಸಂತ ತೋಮಾಸ್ ಅಕ್ವಿನಾಸರ ಮಾರ್ಗದಲ್ಲಿ ವಿಂಗಡಿಸಿ ಹೇಳುತ್ತಿದ್ದರು. ವ್ಯಕ್ತಿ ವ್ಯಕ್ತಿಗೆ ಸಲ್ಲಿಸಬೇಕಾದ ನ್ಯಾಯ ಒಂದು, ವ್ಯಕ್ತಿಯು ಸಮುದಾಯಕ್ಕೆ ಸಲ್ಲಿಸಬೇಕಾದ ನ್ಯಾಯ ಇನ್ನೊಂದು. ಆಗ ಇದು ಪರೀಕ್ಷೆಗಾಗಿ ಕಂಠಪಾಠ ಮಾಡುವ ಪಾಠವಾಗಿ ಕಂಡಿತ್ತು. ಆ ವೆಲ್ಡಿಂಗ್ ಅಂಗಡಿಯ ಪ್ರಕರಣದಲ್ಲಿ ಮಾತ್ರ ಎರಡೂ ನ್ಯಾಯಗಳು ಒಂದೇ ಹಾಳೆಯ ಮೇಲೆ ಕೂಡುವುದನ್ನು ಕಂಡೆ. ಸರಕಾರಕ್ಕೆ ಸಲ್ಲಿಸುವ ವಿವರಣ ಪತ್ರದಲ್ಲಿ ಪಾಲುದಾರನನ್ನು ಅಳಿಸಿಹಾಕಿದವನು ಸರಕಾರಕ್ಕೆ ಸುಳ್ಳು ಹೇಳುವ ಮೊದಲೇ ತನ್ನ ಗೆಳೆಯನನ್ನು ಇಲ್ಲವಾಗಿಸಿರುತ್ತಾನೆ. ಶನಿವಾರ ಸಂಜೆ ಅರ್ಧ ಕೊಟ್ಟ ಕೈ ಪ್ರಾಮಾಣಿಕವಾದದ್ದು, ಸಂದೇಹವಿಲ್ಲ. ಆ ಪ್ರಾಮಾಣಿಕತೆ ಆ ಕೈ ಆಡುವವರೆಗೆ ಮಾತ್ರ ಉಳಿಯಿತು. ನಾವು ಮಣ್ಣಿಗೆ ಹೋದ ಮೇಲೂ ನಮ್ಮ ಮಾತು ನಿಲ್ಲಬೇಕಾದರೆ ಅದು ಬರಹದಲ್ಲಿರಬೇಕು.

ನಮ್ಮ ಜನ ಹೇಳುವ ಆಕ್ಷೇಪಗಳು ನನಗೆ ತಿಳಿಯದವೇನಲ್ಲ. ನಂಬಿಕೆ ಇರುವಲ್ಲಿ ಕಾಗದ ಬೇಡ ಎಂಬುದು ಮೊದಲನೆಯದು. ಮದುವೆಯಾಗುವ ವಧೂವರರಲ್ಲಿ ನಂಬಿಕೆ ಇಲ್ಲವೆಂದು ದೇವಾಲಯದ ವಿವಾಹ ದಾಖಲೆ ಪುಸ್ತಕದಲ್ಲಿ ಸಹಿ ಹಾಕಿಸುತ್ತೇವೆಯೆ? ನಂಬಿಕೆ ಇರುವುದರಿಂದಲೇ ಅವರು ನಿಸ್ಸಂಕೋಚವಾಗಿ ಸಹಿ ಹಾಕುತ್ತಾರೆ. ಮನಸ್ತಾಪ ಬಂದ ಮೇಲೆ ಕಾಗದ ಮಾಡಿಸುವುದು ಕಷ್ಟ. ಪ್ರೀತಿ ಇರುವಾಗಲೇ ಅದನ್ನು ಮಾಡಿಸಬೇಕು.

ಕಟ್ಟಿದ ತೆರಿಗೆಯನ್ನು ಸರಕಾರ ಪೋಲು ಮಾಡುತ್ತದೆ ಎಂಬುದು ಎರಡನೆಯ ಆಕ್ಷೇಪ. ಪೋಲಾಗುವುದುಂಟು. ಅದನ್ನು ಪ್ರಶ್ನಿಸುವ ಹಕ್ಕು ನಮಗಿದೆ, ತನ್ನ ಪಾಲು ಕೊಟ್ಟವನ ಪ್ರಶ್ನೆಗೆ ಬಲವೂ ಹೆಚ್ಚು. ಜಮಖಂಡಿ ಸೀಮೆಯ ರೈತರು ಕೃಷ್ಣಾ ತೀರ ರೈತ ಸಂಘದ ನೇತೃತ್ವದಲ್ಲಿ ತಾವೇ ಹಣ ಕೂಡಿಸಿ, ಬೆವರು ಸುರಿಸಿ, 1989ರಲ್ಲಿ ಚಿಕ್ಕಪಡಸಲಗಿಯ ಬಳಿ ಬ್ಯಾರೇಜು ಕಟ್ಟಿದ್ದನ್ನು ನಾವು ಅಭಿಮಾನದಿಂದ ನೆನೆಯುತ್ತೇವೆ. ಪ್ರತಿಯೊಬ್ಬನೂ ತನ್ನ ವಂತಿಗೆಯನ್ನು ಪಕ್ಕದವನ ಹೆಸರಿನ ಹಿಂದೆ ಬಚ್ಚಿಟ್ಟಿದ್ದರೆ ಆ ನೀರು ನಿಲ್ಲುತ್ತಿರಲಿಲ್ಲ. ತೆರಿಗೆಯೂ ಒಂದು ದೊಡ್ಡ ವಂತಿಗೆ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ತನ್ನ ದಸ್ತಾವೇಜಿನಲ್ಲಿ ನ್ಯಾಯವಾದ ತೆರಿಗೆಯಿಂದ ಮೋಸದಿಂದ ನುಣುಚಿಕೊಳ್ಳುವವರ ಬಗ್ಗೆ ವಿಷಾದ ಪಟ್ಟಿದೆ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶವೂ ತೆರಿಗೆ ಸಲ್ಲಿಕೆಯನ್ನು ನೈತಿಕ ಕರ್ತವ್ಯಗಳಲ್ಲಿ ಎಣಿಸಿದೆ.

ಮೂರನೆಯ ಆಕ್ಷೇಪದಲ್ಲಿ ನ್ಯಾಯವಿದೆ, ಅದನ್ನು ನಾನೂ ಒಪ್ಪುತ್ತೇನೆ. ಒಬ್ಬನೇ 8,00,000 ರೂಪಾಯಿ ದುಡಿದರೆ ತೆರಿಗೆ ಇಲ್ಲ, ಇಬ್ಬರು ಕೂಡಿ ಅಷ್ಟೇ ದುಡಿದರೆ ತೆರಿಗೆ ಇದೆ ಎಂದರೆ ಬಡವರು ಕೈಜೋಡಿಸುವುದಕ್ಕೇ ದಂಡ ಹಾಕಿದಂತಾಗುವುದಿಲ್ಲವೆ? ಸಂಸ್ಥೆಯ ಆದಾಯಕ್ಕೆ ವ್ಯಕ್ತಿಗಿರುವಂಥ ವಿನಾಯಿತಿಯ ಮೊತ್ತವೇ ಇಲ್ಲ, ಮೊದಲ ರೂಪಾಯಿಯಿಂದಲೇ ಶೇಕಡಾ 30. ದೊಡ್ಡ ಸಂಸ್ಥೆಗೂ, ಬನಹಟ್ಟಿಯಲ್ಲಿ ನಾಲ್ಕು ಮಗ್ಗ ಇಟ್ಟುಕೊಂಡ ಇಬ್ಬರು ನೇಕಾರರಿಗೂ ಒಂದೇ ದರ. ಸಣ್ಣ ಪಾಲುದಾರಿಕೆಗಳಿಗೆ ಒಂದು ಮೂಲ ವಿನಾಯಿತಿ ಸಿಗಬೇಕೆಂದು ನಮ್ಮ ಲೋಕಸಭಾ ಸದಸ್ಯರ ಮುಂದೆ, ವ್ಯಾಪಾರಸ್ಥರ ಸಂಘಗಳ ಮೂಲಕ, ಬರಹದಲ್ಲಿ ಕೇಳಬೇಕು. ಕಾನೂನು ಓರೆಯಾಗಿದ್ದರೆ ಅದನ್ನು ನೇರಗೊಳಿಸಲು ಹೋರಾಡುವುದು ಪೌರನ ಧರ್ಮ. ಆದರೆ ಆ ಹೋರಾಟಕ್ಕೂ ಗೆಳೆಯನ ಹೆಸರನ್ನು ಅಳಿಸುವುದಕ್ಕೂ ಸಂಬಂಧವಿಲ್ಲ. ಸುಳ್ಳಿನಿಂದ ಹಗುರಾದ ಹೊರೆಯನ್ನು ಕೊನೆಗೆ ಯಾರಾದರೊಬ್ಬರು ಹೊರಲೇಬೇಕಾಗುತ್ತದೆ, ಸಾಮಾನ್ಯವಾಗಿ ಅದು ಒಬ್ಬ ವಿಧವೆಯ ಹೆಗಲೇರುತ್ತದೆ.

ಹಾಗಾದರೆ ಏನು ಮಾಡಬೇಕು? ಮೊದಲು ನಿಮ್ಮ ವ್ಯವಹಾರದ ಸತ್ಯ ಸ್ಥಿತಿ ಏನೆಂದು ನೀವೇ ನಿರ್ಧರಿಸಿರಿ. ನಿಜವಾಗಿ ಒಬ್ಬನದೇ ಅಂಗಡಿ, ಇನ್ನೊಬ್ಬ ಸಂಬಳದವನು ಎಂದಾದರೆ ಸಂಬಳವೆಂದೇ ಬರೆಯಿರಿ. ಒಂದೇ ಚಾವಣಿಯ ಕೆಳಗೆ ಇಬ್ಬರೂ ತಮ್ಮ ತಮ್ಮ ಗಿರಾಕಿಗಳಿಗೆ ಬೇರೆ ಬೇರೆ ಕೆಲಸ ಮಾಡಿಕೊಡುತ್ತಿದ್ದರೆ ಎರಡು ಲೆಕ್ಕಗಳನ್ನು ಇಡಿರಿ. ಲಾಭ ನಷ್ಟಗಳೆರಡೂ ಕೂಡಿದ್ದಾದರೆ ಅದು ಪಾಲುದಾರಿಕೆ; ಅದಕ್ಕೆ ಪತ್ರ ಮಾಡಿಸಿರಿ. ಅದರಲ್ಲಿ ಯಾರ ಬಂಡವಾಳ ಎಷ್ಟು, ಪಾಲು ಎಷ್ಟು, ದುಡಿಯುವವರಿಗೆ ಸಂಬಳ ಎಷ್ಟು, ಬಂಡವಾಳಕ್ಕೆ ಬಡ್ಡಿ ಎಷ್ಟು, ಒಬ್ಬ ತೀರಿಕೊಂಡರೆ ಅಥವಾ ಬಿಟ್ಟು ಹೋದರೆ ಲೆಕ್ಕ ಹೇಗೆ ಎಂಬುದೆಲ್ಲ ಇರಲಿ. ಬಡ್ಡಿಯಲ್ಲಿ ವರ್ಷಕ್ಕೆ ಶೇಕಡಾ 12ರವರೆಗೆ ಮಾತ್ರ ತೆರಿಗೆಯ ಲೆಕ್ಕದಲ್ಲಿ ಕಳೆಯಲು ಅವಕಾಶವಿದೆ. ಸಂಸ್ಥೆಯ ಹೆಸರಿನಲ್ಲಿ ಪ್ಯಾನ್ ಮತ್ತು ಬ್ಯಾಂಕ್ ಖಾತೆ ಮಾಡಿಸಿ, ಮೊದಲ ವಿವರಣ ಪತ್ರದೊಂದಿಗೆ ಪಾಲುದಾರಿಕೆ ಪತ್ರದ ದೃಢೀಕೃತ ಪ್ರತಿಯನ್ನು ಒದಗಿಸಿರಿ. ಪಾಲು ಬದಲಾದರೆ ಪತ್ರವೂ ಬದಲಾಗಲಿ. ಸಂಸ್ಥೆಗಳ ನೋಂದಣಾಧಿಕಾರಿಯ ಬಳಿ ನೋಂದಣಿ ಕಡ್ಡಾಯವಲ್ಲ. ಆದರೂ ನೋಂದಣಿಯಾಗದ ಸಂಸ್ಥೆ ಬಾಕಿ ಉಳಿಸಿಕೊಂಡ ಗಿರಾಕಿಯ ಮೇಲೆ ಕರಾರಿನ ದಾವೆ ಹೂಡಲು ಅಡ್ಡಿಯಿರುವುದರಿಂದ ಅದನ್ನು ಮಾಡಿಸುವುದೇ ಲೇಸು.

ಇನ್ನೆರಡು ಎಚ್ಚರಿಕೆಗಳಿವೆ. 2025ರ ಏಪ್ರಿಲ್ 1ರಿಂದ ಸಂಸ್ಥೆಯು ಪಾಲುದಾರನಿಗೆ ಕೊಡುವ ಸಂಬಳ, ಬಡ್ಡಿ ಮೊದಲಾದವು ವರ್ಷಕ್ಕೆ 20,000 ರೂಪಾಯಿ ಮೀರಿದರೆ ಶೇಕಡಾ 10ನ್ನು ಮೂಲದಲ್ಲೇ ಕಡಿತ ಮಾಡಿ ಸರಕಾರಕ್ಕೆ ಕಟ್ಟಬೇಕು. ನಮ್ಮ ಉದಾಹರಣೆಯಲ್ಲಿ ತಲಾ 33,000 ರೂಪಾಯಿ ಹೀಗೆ ಕಡಿತವಾಗುತ್ತದೆ. ಪಾಲುದಾರ ತನ್ನ ವಿವರಣ ಪತ್ರ ಸಲ್ಲಿಸಿದರೆ ಅದು ಮರಳಿ ಬರುತ್ತದೆ, ಸಲ್ಲಿಸದಿದ್ದರೆ ಬರುವುದಿಲ್ಲ. ಎರಡನೆಯದಾಗಿ, ವಹಿವಾಟಿನ ಶೇಕಡಾ 8ನ್ನು, ಬ್ಯಾಂಕಿನ ಮೂಲಕ ಬಂದ ಹಣಕ್ಕೆ ಶೇಕಡಾ 6ನ್ನು ಲಾಭವೆಂದು ಅಂದಾಜಿಸಿ ತೋರಿಸುವ ಸರಳ ಪದ್ಧತಿ ಸಣ್ಣ ಪಾಲುದಾರಿಕೆಗಳಿಗೂ ಇದೆ. ಆದರೆ ಆ ಅಂದಾಜು ಲಾಭದಿಂದ ಪಾಲುದಾರರ ಸಂಬಳವನ್ನು ಕಳೆಯಲಾಗದು. ಯಾವುದು ಮೇಲೆಂದು ಲೆಕ್ಕ ಪರಿಶೋಧಕರನ್ನು ಕೇಳಿ ತಿಳಿಯಿರಿ. ಕಬ್ಬು ಬೆಳೆದು ಕಾರ್ಖಾನೆಗೆ ಮಾರಿದ ಹಣ ಕೃಷಿ ಆದಾಯ, ಅದಕ್ಕೆ ಆದಾಯ ತೆರಿಗೆ ಇಲ್ಲ. ಆದರೆ ಇಬ್ಬರು ಕೂಡಿ ಟ್ರ್ಯಾಕ್ಟರನ್ನು ಬಾಡಿಗೆಗೆ ಬಿಟ್ಟರೆ, ಅಥವಾ ಪರರ ಕಬ್ಬು ಕೊಂಡು ಗಾಣ ಹಾಕಿ ಬೆಲ್ಲ ಮಾಡಿ ಮಹಾಲಿಂಗಪುರದ ಪೇಟೆಗೆ ಕಳಿಸಿದರೆ ಅದು ವ್ಯಾಪಾರ. ಎಲ್ಲವನ್ನೂ ಕೃಷಿಯೆಂದು ಬರೆಯುವ ಚಾಳಿಯನ್ನು ಬಿಡಬೇಕು.

ದೀಪಾವಳಿಯ ಪಾಡ್ಯದಂದು ನಮ್ಮ ನೆರೆಯ ವ್ಯಾಪಾರಸ್ಥರು ಲೆಕ್ಕದ ಪುಸ್ತಕಗಳಿಗೆ ಅರಿಸಿನ ಕುಂಕುಮ ಹಚ್ಚಿ ಪೂಜಿಸುವುದನ್ನು ನಾವೆಲ್ಲ ನೋಡಿದ್ದೇವೆ. ಲೆಕ್ಕದ ಹಾಳೆ ಪವಿತ್ರವಾದದ್ದು ಎಂಬ ಭಾವನೆ ಈ ನೆಲದಲ್ಲಿ ಮೊದಲಿನಿಂದಲೂ ಇದೆ. ಆ ಹಾಳೆಯಲ್ಲಿ ಸತ್ಯವನ್ನೇ ಬರೆಯುವುದು ನಮ್ಮ ಮೇಲಿರುವ ಹೊಣೆ.

ಸಂತ ಮತ್ತಾಯರ ಶುಭಸಂದೇಶದಲ್ಲಿ ದೇವಾಲಯದ ತೆರಿಗೆಯ ಒಂದು ಪ್ರಸಂಗವಿದೆ. ತಾನು ಕೊಡಬೇಕಾದ ಅಗತ್ಯವಿಲ್ಲವೆಂದು ತಿಳಿದಿದ್ದರೂ ಪ್ರಭು ಯೇಸು ಪೇತ್ರನನ್ನು ಸರೋವರಕ್ಕೆ ಕಳಿಸುತ್ತಾರೆ. ಮೀನಿನ ಬಾಯಿಯಲ್ಲಿ ಸಿಗುವ ನಾಣ್ಯ ಒಂದೇ, ಅದು ಇಬ್ಬರ ತೆರಿಗೆಗೆ ಸಮನಾದುದು. ತಮ್ಮಿಬ್ಬರ ಪರವಾಗಿಯೂ ಅದನ್ನು ಕೊಡುವಂತೆ ಹೇಳುತ್ತಾರೆ. ನಾಣ್ಯ ಒಂದೇ ಆದರೂ ಲೆಕ್ಕದಲ್ಲಿ ಇಬ್ಬರೂ ಇದ್ದರು. ಕಿರಿಯ ಗೆಳೆಯನಿಗೆ ಅಂದು ನಾನು ಹೇಳಬೇಕಾಗಿದ್ದ ಮಾತು ಇದೇ ಆಗಿತ್ತು. ಅವನಿಗೆ ತಡವಾಯಿತು. ಈ ಅಂಕಣವನ್ನು ಓದುತ್ತಿರುವ ಕುಟುಂಬಗಳಲ್ಲಿ ಯಾರಾದರೂ ಒಬ್ಬರ ಹೆಸರಿನಲ್ಲಿ ಇಬ್ಬರ ಬೆವರನ್ನು ತೋರಿಸುತ್ತಿದ್ದರೆ, ಬರುವ ಶನಿವಾರ ರೊಕ್ಕ ಹಂಚಿಕೊಳ್ಳುವ ಮುನ್ನ ಗೆಳೆಯನ ಜೊತೆ ಕುಳಿತು ಈ ಮಾತನ್ನು ಎತ್ತಿರಿ. ಅವನು ನಿಜವಾದ ಗೆಳೆಯನಾಗಿದ್ದರೆ ಬೇಸರ ಮಾಡಿಕೊಳ್ಳಲಾರ.